ಮೈಕಕ್ಕನ ಪೆನ್ನು, ಐದೂ ಹತ್ತರ ಬಸ್ಸು

ಮೈಕಕ್ಕನಿಗೆ ನಮ್ಮ ಪ್ರಯಾಣಿಕರ ಸಮಿತಿ ಒಂದು ಪೆನ್ ಡ್ರೈವ್ ಬಾಕಿ ಉಳಿಸಿಕೊಂಡಿದೆ. ಮೂವತ್ತೆರಡು ಜಿಬಿಯದು, ಲೋಹದ ಮೈ, ಬಾಲಕ್ಕೆ ಕೆಂಪು ದಾರ. ಬಸ್ ಕಚೇರಿಯವರು ಅದನ್ನು ಕಡತಕ್ಕೆ ಸೇರಿಸಿ, ಕಡತಕ್ಕೆ ದಾರ ಬಿಗಿದು, ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ. "ಬೇರೆ ಕೊಡಿಸ್ತೀವಿ ತಾಯಿ" ಎಂದು ಮೂರು ಸಲ ಹೇಳಿದ್ದೇನೆ. ಮೂರನೇ ಸಲ ಆಕೆ, "ಸಮಿತಿ ಕೊಡಿಸ್ಲಿ ಮಾವ, ನೀವು ಮಾತ್ರ ಅಂಗಡಿಗೆ ಹೋಗ್ಬೇಡಿ. ನಿಮ್ಮ ಕೈಗುಣ ನೋಡಿದ್ದೀನಿ" ಎಂದಳು.

ಹಾಗೆ ಹೇಳುವ ಹಕ್ಕು ಆಕೆಗಿದೆ. ಯಾಕೆ ಎಂಬುದನ್ನೇ ಬರೆಯುತ್ತಿದ್ದೇನೆ.

ಮೈಕಕ್ಕನ ಅಂಗಡಿ ಒಂದು ಸೈಕಲ್ ರಿಪೇರಿ ಅಂಗಡಿಗೂ ಹಿಟ್ಟಿನ ಗಿರಣಿಗೂ ನಡುವೆ ಸಿಕ್ಕಿಕೊಂಡಿರುವ ಕೋಣೆ. ಇಬ್ಬರು ಒಳಗೆ ಬಂದರೆ ಮೂರನೆಯವನು ಬಾಗಿಲಲ್ಲಿ ನಿಲ್ಲಬೇಕು. ಸೂರಿನಿಂದ ಕಹಳೆಯಂಥ ಸ್ಪೀಕರುಗಳು ನೇತಾಡುತ್ತವೆ. ಗೋಡೆಯುದ್ದಕ್ಕೂ ಹೊಟ್ಟೆ ಬಿಚ್ಚಿಕೊಂಡ ಆಂಪ್ಲಿಫೈಯರುಗಳು. ಗಿರಣಿಯ ಹಿಟ್ಟು ಹಾರಿ ಬಂದು ಎಲ್ಲದರ ಮೇಲೂ ಕೂರುತ್ತದೆ; ಬೆಸುಗೆ ಕಡ್ಡಿಯ ಹೊಗೆ ಅದರ ಜತೆ ಸೇರುತ್ತದೆ. ಅಂಗಡಿ ಅವಳ ಅಪ್ಪನದು. ಕ್ಯಾಸೆಟ್ಟಿನ ಕಾಲ ಮುಗಿದಾಗ ಅಪ್ಪ ತಲೆ ಮೇಲೆ ಕೈ ಹೊತ್ತು ಕೂತರೆ, ಹತ್ತೊಂಬತ್ತರ ಮಗಳು ಬೆಂಕಿಪೊಟ್ಟಣದಷ್ಟು ಅಗಲದ ಒಂದು ಬೋರ್ಡು ತಂದು, ಹಳೇ ಆಂಪ್ಲಿಫೈಯರಿನ ಮುಖದಲ್ಲಿ ತೂತು ಕೊರೆದು, ಪೆನ್ ಡ್ರೈವ್ ಚುಚ್ಚುವ ಕಿಂಡಿ ಕೂರಿಸಿದಳು. ಅವತ್ತಿನಿಂದ ಅಂಗಡಿ ಅವಳದೇ. ಈಗ ಮೂವತ್ತೆಂಟು. ನಮ್ಮ ಊರಿನಲ್ಲಿ ಕಳೆದ ಇಪ್ಪತ್ತು ವರ್ಷ ನಡೆದ ಧರಣಿ, ಮೆರವಣಿಗೆ, ಬಾಗಿಲು ಮುಚ್ಚಿದ ಕಾರ್ಖಾನೆ ಮುಂದಿನ ಕೂಗು, ಎಲ್ಲವೂ ಅವಳ ಸ್ಪೀಕರಿನಿಂದಲೇ ಹೊರಬಿದ್ದದ್ದು. ಅವಳು ಮಾತ್ರ ಮೈಕಿನಲ್ಲಿ "ಹಲೋ, ಒಂದು, ಎರಡು, ಮೂರು" ಬಿಟ್ಟು ನಾಲ್ಕನೇ ಮಾತು ಆಡಿದವಳಲ್ಲ.

ಅವಳ ಸೊಂಟದಲ್ಲಿ ಬೀಗದ ಕೈ ಗೊಂಚಲು ಇರಬೇಕಾದ ಕಡೆ ಹನ್ನೊಂದು ಪೆನ್ ಡ್ರೈವುಗಳ ಗೊಂಚಲು. ಅವಳ ಬಾಯಲ್ಲಿ ಅವು ಬರೀ 'ಪೆನ್ನು'. ಒಂದೊಂದಕ್ಕೂ ಒಂದೊಂದು ಬಣ್ಣದ ದಾರ. ಹಳದಿ ದಾರದ್ದು 'ಎಬ್ಬಿಸೋ ಪೆನ್ನು': ಸತ್ತ ಲ್ಯಾಪ್‌ಟಾಪಿಗೆ ಅದನ್ನು ಚುಚ್ಚಿ ಪುಕ್ಕಟೆ ಸಿಗುವ ಬೇರೊಂದು ಆಪರೇಟಿಂಗ್ ಸಿಸ್ಟಂ ತುಂಬಿದರೆ ಅದು ಎದ್ದು ಕೂರುತ್ತದೆ. ಯಾರೋ ತಿಪ್ಪೆಗೆ ಎಸೆಯಲು ಹೊರಟಿದ್ದ ಲ್ಯಾಪ್‌ಟಾಪನ್ನು ಹಾಗೇ ಎಬ್ಬಿಸಿ ಅಂಗಡಿಯಲ್ಲಿ ಇಟ್ಟುಕೊಂಡಿದ್ದಾಳೆ.

ಯಾರಾದರೂ ಬಂದು "ಒಳ್ಳೇ ಪೆನ್ ಡ್ರೈವ್ ಯಾವುದು ತಗೋಳ್ಲಿ ಅಕ್ಕ?" ಎಂದರೆ ಮೊದಲು ಬೈಗುಳ.

"ಯಾತಕ್ಕೆ ಅಂತ ಹೇಳದೆ ಚಪ್ಪಲಿ ಕೇಳ್ತಾರಾ ಯಾರಾದ್ರೂ? ಕಾಲು ತೋರಿಸು ಮೊದ್ಲು. ಹಾಡು ಹಾಕೋಕಾ? ಹದಿನಾರು ಜಿಬಿ ಸಾಕು, ಹಳೇ ಹಾಡಿನ ಪೆಟ್ಟಿಗೆಗಳು ಮೂವತ್ತೆರಡು ದಾಟಿದ್ರೆ ಮೂತಿ ತಿರುಗಿಸ್ತಾವೆ. ಫ್ಯಾಟ್ ಥರ್ಟಿಟೂ ಅಂತ ಹಳೇ ಪದ್ಧತೀಲಿ ಫಾರ್ಮ್ಯಾಟ್ ಮಾಡು, ಆಮೇಲೆ ಹಾಕು. ಸಿನಿಮಾದಷ್ಟು ದೊಡ್ಡ ವಿಡಿಯೋ ಸಾಗಿಸೋಕಾ? ಒಳಗೆ ನೀಲಿ ನಾಲಿಗೆ ಇರೋದು ತಗೋ, ಬೇಗ ಓಡತ್ತೆ. ವರ್ಷಗಟ್ಟಲೆ ಜೋಪಾನ ಮಾಡೋಕಾ? ಹಾಗಾದ್ರೆ ಪೆನ್ನನ್ನ ನಂಬ್ಲೇಬೇಡ. ಇದು ಕೈಚೀಲ, ಕಪಾಟಲ್ಲ."

ಹೋಗುವಾಗ ಇನ್ನೊಂದು. "ಕೀಳೋ ಮುಂಚೆ ಕಂಪ್ಯೂಟರಿಗೆ ಹೇಳಿ ಕೀಳು. ಹೇಳದೆ ಎದ್ದು ಹೋದ್ರೆ ನಿನ್ನ ಹೆಂಡ್ತಿ ಸುಮ್ನಿರ್ತಾಳಾ?"

ಈ ಬೈಗುಳವನ್ನು ನಾನು ನೂರು ಸಲ ಕೇಳಿದ್ದೆ. ಒಂದು ಸಲವೂ ಕಿವಿಗೆ ಹಾಕಿಕೊಂಡಿರಲಿಲ್ಲ.

ಮೈಕಕ್ಕನ ಅಮ್ಮ ದೊಡ್ಡಾಸ್ಪತ್ರೆಯಲ್ಲಿ ನೆಲ ಒರೆಸುವವಳು. ಐವತ್ತೇಳು ವಯಸ್ಸು, ಎಡಮಂಡಿ ನೋವು, ಬಾಯಿ ಮಾತ್ರ ಇಪ್ಪತ್ತರದು. ಬೆಳಗ್ಗೆ ಆರಕ್ಕೆ ಹಾಜರಿ. ತಿಂಗಳಲ್ಲಿ ಮೂರು ಸಲ ತಡವಾದರೆ ಗುತ್ತಿಗೆದಾರ ಹೆಸರು ಹೊಡೆದು ಹಾಕುತ್ತಾನೆ, ಕಾರಣ ಕೇಳುವುದಿಲ್ಲ. ಊರಾಚೆಯ ಬಡಾವಣೆಯಿಂದ ಆಸ್ಪತ್ರೆಗೆ ಏಳು ಕಿಲೋಮೀಟರು. ಆ ಹೊತ್ತಿಗೆ ಇರುವುದು ಒಂದೇ ಬಸ್ಸು, ಐದೂ ಹತ್ತರದು. ಅದರಲ್ಲಿ ಅವಳಂಥವರೇ ತುಂಬಿರುತ್ತಾರೆ: ಆಸ್ಪತ್ರೆ ಗುಡಿಸುವವರು, ಬ್ಯಾಂಕು ಒರೆಸುವವರು, ಶಾಲೆಯ ಆಯಾಗಳು, ಹೋಟೆಲಿನ ಪಾತ್ರೆ ತೊಳೆಯುವವರು, ಗೇಟು ಕಾಯುವವರು.

ಆ ಬಸ್ಸಿನ ಹಿಂಬದಿ ಗಾಜಿಗೆ ಒಂದು ದಿನ ನೋಟೀಸು ಅಂಟಿತು. ದಿನಕ್ಕೆ ಸರಾಸರಿ ಒಂಬತ್ತೇ ಟಿಕೆಟ್ ಹೋಗುತ್ತಿರುವುದರಿಂದ ಈ ಬಸ್ಸನ್ನು ನಿಲ್ಲಿಸಲು ಯೋಚಿಸಲಾಗಿದೆ. ಆಕ್ಷೇಪಣೆ ಇರುವವರು ಮುಂದಿನ ಸೋಮವಾರ ಹನ್ನೊಂದು ಗಂಟೆಗೆ ಕಚೇರಿಯ ಸಭಾಂಗಣಕ್ಕೆ ಬರುವುದು. ಬರಲಾಗದವರು ತಮ್ಮ ಹೇಳಿಕೆಯನ್ನು ದನಿಮುದ್ರಿಸಿ ಪೆನ್ ಡ್ರೈವಿನಲ್ಲಿ ಕೊಡಬಹುದು. ಒಟ್ಟು ಇಪ್ಪತ್ತು ನಿಮಿಷ ಕೇಳಲಾಗುವುದು.

ಸೋಮವಾರ ಹನ್ನೊಂದಕ್ಕೆ ಬಸ್ಸಿನಲ್ಲಿರುವ ಒಬ್ಬರಿಗೂ ಬರಲಾಗದು. ಎಲ್ಲರೂ ಎಲ್ಲಿಯೋ ನೆಲದ ಮೇಲೆ ಕೂತು ಒರೆಸುತ್ತಿರುತ್ತಾರೆ.

"ಹಾಗಾದ್ರೆ ಬಸ್ಸಲ್ಲೇ ರೆಕಾರ್ಡ್ ಮಾಡೋಣ" ಎಂದಳು ಮೈಕಕ್ಕ. "ಒಬ್ಬೊಬ್ಬರು ಇಪ್ಪತ್ತು ಸೆಕೆಂಡು. ಎಲ್ಲಿ ಹತ್ತೋದು, ಏನು ಕೆಲಸ, ಎಷ್ಟಕ್ಕೆ ಹಾಜರಿ. ಅಷ್ಟೇ. ನಿಮ್ಮ ಥರ ಭಾಷಣ ಬೇಡ ಮಾವ."

ನಮಗೆ ರೆಕ್ಕೆ ಬಂದ ಹಾಗಾಯಿತು. ಮಂಗಳವಾರ, ಬುಧವಾರ, ಗುರುವಾರ, ಮೂರು ದಿನ ನಾನು ಆ ಬಸ್ಸಿನಲ್ಲಿ ಹೋದೆ. ಸಮಿತಿಯ ಫೋನು ನನ್ನ ಕೈಯಲ್ಲಿ. ಜನ ಒಬ್ಬರ ಬೆನ್ನಿಗೊಬ್ಬರು ಅಂಟಿಕೊಂಡು ನಿಂತಿದ್ದನ್ನು ಮನಸಾರೆ ವಿಡಿಯೋ ಮಾಡಿದೆ. ದನಿಗಳನ್ನೂ ಹಿಡಿದೆ. ಫೋನು ತುಂಬಿ ಹೋಯಿತು. ಫುಟ್‌ಪಾತಿನಲ್ಲಿ ಗುಡ್ಡೆ ಹಾಕಿ ಮಾರುತ್ತಿದ್ದವನ ಹತ್ತಿರ ಒಂದು ಪೆನ್ ಡ್ರೈವ್ ಕೊಂಡೆ. ಮೈ ಮೇಲೆ ಚಿನ್ನದ ಅಕ್ಷರದಲ್ಲಿ 'ಒಂದು ಟಿಬಿ' ಎಂದಿತ್ತು, ಅಂದರೆ ಸಾವಿರ ಜಿಬಿ. ಅಗ್ಗಕ್ಕೆ ಅಷ್ಟು ದೊಡ್ಡದು ಸಿಕ್ಕಿತೆಂದು ದಾರಿಯುದ್ದಕ್ಕೂ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಮೊದಲು ವಿಡಿಯೋ, ಆಮೇಲೆ ದನಿಗಳು, ಎಲ್ಲ ಅದಕ್ಕೆ ಹಾಕಿಸಿದೆ. ಫೈಲುಗಳ ಹೆಸರು ಸಾಲಾಗಿ ಕಂಡವು. ಫೋನು ಖಾಲಿ ಮಾಡಿದೆ.

ಗುರುವಾರ ಮಧ್ಯಾಹ್ನ ಅದನ್ನು ಮೈಕಕ್ಕನ ಮುಂದಿಟ್ಟೆ. ಅವಳು ಲ್ಯಾಪ್‌ಟಾಪಿಗೆ ಚುಚ್ಚುವ ಮೊದಲೇ ಅಂಗೈಲಿಟ್ಟು ತೂಗಿದಳು.

"ಎಲ್ಲಿ ತಗೊಂಡ್ರಿ?"

"ಫುಟ್‌ಪಾತಲ್ಲಿ. ಒಂದು ಟಿಬಿ ತಾಯಿ!"

"ಒಂದು ಟಿಬಿ," ಎಂದಳು. "ಇದಕ್ಕಾ? ನಿಮಗಾ?"

ಚುಚ್ಚಿದಳು. ಮೊದಲ ವಿಡಿಯೋ ಓಡಿತು, ಎರಡನೆಯದು ಓಡಿತು, ಮೂರನೆಯದು ಅರ್ಧಕ್ಕೆ ನಿಂತಿತು. ದನಿಗಳ ಮೇಲೆ ಒತ್ತಿದಳು. ಹೆಸರಿದೆ, ಅಳತೆಯಿದೆ, ಒಳಗೆ ಏನೂ ಇಲ್ಲ. ಒಂದೊಂದನ್ನೂ ಒತ್ತಿದಳು.

"ಇದರ ಹೊಟ್ಟೆ ಎಂಟೇ ಜಿಬಿ ಮಾವ. ಒಂದು ಟಿಬಿ ಅಂತ ಸುಳ್ಳು ಹೇಳೋಕೆ ಕಲಿಸಿಟ್ಟಿದ್ದಾರೆ. ಎಂಟು ತುಂಬಿದ ಮೇಲೆ ಹಾಕಿದ್ದನ್ನೆಲ್ಲ ಹೂಂ ಹೂಂ ಅಂತ ಇಸ್ಕೊಂಡು ಗಾಳಿಗೆ ಬಿಟ್ಟಿದೆ. ಹೊಸಾ ಪೆನ್ನು ತಂದ್ರೆ ಮೊದ್ಲು ಅದನ್ನ ಬಾಯಿ ತನಕ ತುಂಬಬೇಕು, ತುಂಬಿ ವಾಪಸ್ ಓದಿ ನೋಡಬೇಕು. ಆಮೇಲೇ ನಂಬಬೇಕು. ಹೇಳಿದ್ನಾ ಇಲ್ವಾ?"

"ಹೇಳಿದ್ದೆ."

"ಫೋನಲ್ಲಿ?"

"ಖಾಲಿ ಮಾಡಿಬಿಟ್ಟೆ."

ಅವಳು ನನ್ನನ್ನು ನೋಡಿದ ನೋಟದಂಥ ಪೆಟ್ಟನ್ನು ಪೊಲೀಸರ ಲಾಠಿಯೂ ನನಗೆ ಕೊಟ್ಟಿರಲಿಲ್ಲ. ಬೈಯಲಿಲ್ಲ. ಎದ್ದು ಗೊಂಚಲಿನಿಂದ ಕೆಂಪು ದಾರದ ಪೆನ್ನು ಬಿಚ್ಚಿಕೊಂಡಳು.

"ಶುಕ್ರವಾರ, ಶನಿವಾರ. ಎರಡು ಬಸ್ಸು ಉಳಿದಿವೆ. ನಾಳೆಯಿಂದ ನಾನೇ ಬರ್ತೀನಿ. ನೀವು ಬರೀ ಕಂಬಿ ಹಿಡ್ಕೊಂಡು ನಿಂತ್ಕೊಳ್ಳಿ. ಏನನ್ನೂ ಮುಟ್ಬೇಡಿ."

ಆ ಎರಡು ಬೆಳಗುಗಳನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಮೈಕಕ್ಕ ಕುತ್ತಿಗೆಗೆ ರೆಕಾರ್ಡರು ನೇತುಹಾಕಿಕೊಂಡು, ಮೈಕಿಗೆ ಹಳೇ ಕಾಲುಚೀಲ ತೊಡಿಸಿ, ಆ ಇಕ್ಕಟ್ಟಿನಲ್ಲಿ ಮುಂದಿನ ಬಾಗಿಲಿಂದ ಹಿಂದಿನ ಸೀಟಿಗೆ ನುಗ್ಗಿದಳು. ಹಿಂದಿನ ಮೂರು ದಿನ ಹೇಳಿದ್ದವರೇ ಮತ್ತೆ ಹೇಳಬೇಕು.

"ಮೊನ್ನೆ ಹೇಳಿದ್ನಲ್ಲೇ?"

"ಅದನ್ನ ಮಾವ ನುಂಗಿಬಿಟ್ರು. ಇನ್ನೊಂದ್ಸಲ ಹೇಳು."

ಬಸ್ಸೆಲ್ಲ ನನ್ನತ್ತ ತಿರುಗಿತು. ಪಾತ್ರೆ ತೊಳೆಯುವ ಹೆಂಗಸೊಬ್ಬಳು, "ಜೀರ್ಣ ಆಯ್ತಾ ಅಣ್ಣ?" ಎಂದಳು. ಕಂಡಕ್ಟರೂ ನಕ್ಕ. ನಗುತ್ತಲೇ ಎಲ್ಲರೂ ಮೈಕಿಗೆ ಬಾಯಿ ಕೊಟ್ಟರು. ತಿರುವಿನಲ್ಲಿ ಬಸ್ಸು ವಾಲಿದಾಗ ಮಾತು ತುಂಡಾಗುತ್ತಿತ್ತು; ನಿಂತಾಗ ಮತ್ತೆ ಮೊದಲಿಂದ. ಗೇಟು ಕಾಯುವ ಮುದುಕನೊಬ್ಬ ಮೈಕು ಕಂಡೊಡನೆ ನೆಟ್ಟಗೆ ನಿಂತು ಸಲ್ಯೂಟು ಹೊಡೆದ. ಶನಿವಾರ ಆಸ್ಪತ್ರೆಯ ಸ್ಟಾಪು ಬರುವ ಹೊತ್ತಿಗೆ ಎಣಿಕೆ ಅರವತ್ತೊಂದು. "ಅರವತ್ತೊಂದು!" ಎಂದು ಮೈಕಕ್ಕ ಬಸ್ಸಿನ ಮೆಟ್ಟಿಲ ಮೇಲಿಂದ ಕೂಗಿದ್ದು ಮೈಕಿಲ್ಲದೆಯೇ ಬೀದಿಗೆಲ್ಲ ಕೇಳಿಸಿತು.

ಭಾನುವಾರ ಅಂಗಡಿಯಲ್ಲಿ ಜೋಡಿಸುವ ಕೆಲಸ. ಕಚೇರಿಯ ಸಭಾಂಗಣದ ಆಂಪ್ಲಿಫೈಯರ್ ಪೆಟ್ಟಿಗೆ ಅವಳಪ್ಪನೇ ಎಂದೋ ಕೂರಿಸಿದ್ದು, ಅದಕ್ಕೆ ಪೆನ್ನಿನ ಕಿಂಡಿ ಕೊರೆದವಳು ಇವಳು. ಅದರ ಗುಣ ಅವಳಿಗೆ ಗೊತ್ತು: ಅದು ಫೈಲಿನ ಹೆಸರು ನೋಡುವುದಿಲ್ಲ, ನಂಬರು ನೋಡುವುದಿಲ್ಲ, ಯಾವುದು ಮೊದಲು ಪೆನ್ನಿಗೆ ಬಿತ್ತೋ ಅದನ್ನೇ ಮೊದಲು ಹಾಡುತ್ತದೆ. ಎಲ್ಲವನ್ನೂ ಒಟ್ಟಿಗೆ ಎಳೆದು ಹಾಕಿದರೆ ಕಲಸುಮೇಲೋಗರ. ಹಾಗಾಗಿ ಪೆನ್ನನ್ನು ಫಾರ್ಮ್ಯಾಟ್ ಮಾಡಿ, ಅಮ್ಮನನ್ನು ಕೂರಿಸಿ ಏನೋ ಮಾತಾಡಿಸಿ, ಒಂದು ಪರೀಕ್ಷೆಯ ದನಿ ಹಾಕಿ, ತನ್ನ ಆಂಪ್ಲಿಫೈಯರಿನಲ್ಲಿ ಓಡಿಸಿ ದನಿಯ ಮಟ್ಟ ನೋಡಿಕೊಂಡಳು. ಆಮೇಲೆ ಅರವತ್ತೊಂದು ದನಿಗಳನ್ನು ಒಂದೊಂದಾಗಿ, ಬಸ್ಸು ಸ್ಟಾಪಿನಿಂದ ಸ್ಟಾಪಿಗೆ ತುಂಬುವ ಕ್ರಮದಲ್ಲೇ ಹಾಕಿದಳು. ಕೇಳುವವರ ಕಿವಿಯಲ್ಲಿ ಬಸ್ಸು ತುಂಬಬೇಕು, ಅದು ಅವಳ ಆಸೆ. ಇನ್ನೊಂದು ಪ್ರತಿ ನೀಲಿ ದಾರದ ಪೆನ್ನಿಗೆ, ಮತ್ತೊಂದು ಲ್ಯಾಪ್‌ಟಾಪಿನಲ್ಲಿ. "ಒಂದು ಹೋದ್ರೆ ಇನ್ನೊಂದು. ಕಲ್ತ್ಕೊಳ್ಳಿ ಮಾವ."

ಸೋಮವಾರ ಬೆಳಗ್ಗೆ ಅರವತ್ತೊಂದನ್ನೂ ಒಂದೊಂದಾಗಿ ಮತ್ತೊಮ್ಮೆ ಕೇಳಿ, ಬೇಡದ ಪರೀಕ್ಷೆಯ ದನಿಯನ್ನು ಅಳಿಸುತ್ತಿದ್ದಳು. ಹತ್ತೂವರೆ ಆಗಿತ್ತು. ಹೊರಗೆ ನಾನು ಆಟೋ ನಿಲ್ಲಿಸಿಕೊಂಡು "ಹನ್ನೊಂದಾಯ್ತು, ಹನ್ನೊಂದಾಯ್ತು" ಎಂದು ಬಾಯಿ ಬಡಿದುಕೊಳ್ಳುತ್ತಿದ್ದೆ. ಅಳಿಸಿದ್ದೇ ತಡ, ಪೆನ್ನು ಕಿತ್ತುಕೊಂಡು ಓಡಿ ಬಂದು ಹತ್ತಿದಳು. ಊರಿಗೆಲ್ಲ ಬುದ್ಧಿ ಹೇಳುವವಳು ಕಂಪ್ಯೂಟರಿಗೆ ಹೇಳದೆ ಕಿತ್ತಿದ್ದಳು. ಅಳಿಸು ಎಂಬ ಮಾತು ಲ್ಯಾಪ್‌ಟಾಪಿಗೆ ಕೇಳಿಸಿತ್ತು, ಪೆನ್ನಿಗೆ ಇನ್ನೂ ಮುಟ್ಟಿರಲಿಲ್ಲ.

ಸಭಾಂಗಣದಲ್ಲಿ ಮೂವತ್ತು ಕುರ್ಚಿ, ಜನ ಹದಿನಾಲ್ಕು. ಮೇಜಿನ ಹಿಂದೆ ಅಧಿಕಾರಿ, ಪಕ್ಕದಲ್ಲಿ ಗುಮಾಸ್ತ. ಅಧಿಕಾರಿ ಕಾಗದ ನೋಡಿ, "ದಿನಕ್ಕೆ ಒಂಬತ್ತು ಟಿಕೆಟ್ಟಿನ ಬಸ್ಸನ್ನ ಹೇಗ್ರಿ ಓಡ್ಸೋದು?" ಎಂದರು. ನಾನು ಎದ್ದು ಬಸ್ಸು ತುಂಬಿರುತ್ತದೆ ಎಂದೆ. "ನೀವು ಹೇಳ್ತೀರಿ, ಟಿಕೆಟ್ ಮಷೀನು ಬೇರೆ ಹೇಳತ್ತೆ" ಎಂದರು. ನಿಜ ಹೇಳಬೇಕೆಂದರೆ ಅದಕ್ಕೆ ಸಮಿತಿಯ ಹನ್ನೊಂದು ತಲೆಗಳಲ್ಲಿ ಒಂದಕ್ಕೂ ಉತ್ತರ ಹೊಳೆದಿರಲಿಲ್ಲ.

ಗುಮಾಸ್ತ ಕೆಂಪು ದಾರದ ಪೆನ್ನನ್ನು ಪೆಟ್ಟಿಗೆಗೆ ಚುಚ್ಚಿದ. ದೀಪ ಮಿಟುಕಿತು. ಸದ್ದಿಲ್ಲ. ಮತ್ತೆ ಮಿಟುಕಿತು. ಮೈಕಕ್ಕ ನನ್ನ ಮಣಿಕಟ್ಟು ಹಿಡಿದಿದ್ದಳು, ಮೂಳೆ ಮುರಿಯುವಷ್ಟು. ಕೊನೆಗೆ ಸ್ಪೀಕರಿನಿಂದ ಅವಳದೇ ದನಿ:

"ಅಮ್ಮಾ, ಏನಾದ್ರೂ ಮಾತಾಡು. ಮಟ್ಟ ನೋಡ್ಬೇಕು."

"ಅಯ್ಯೋ, ಇದನ್ನ ಅಳಿಸಿದ್ದೆ!" ಎಂದು ಮೈಕಕ್ಕ ಪೆಟ್ಟಿಗೆಯತ್ತ ಓಡಿದಳು. ಅಷ್ಟರಲ್ಲಿ ಅಮ್ಮ ಶುರುಮಾಡಿಯಾಗಿತ್ತು.

"ಏನ್ ಮಾತಾಡ್ಲೇ? ಬಸ್ಸು ಖಾಲಿ ಅಂತೆ, ಅದನ್ನ ಮಾತಾಡ್ಲಾ? ಖಾಲಿ ಬಸ್ಸಲ್ಲಿ ಮೊನ್ನೆ ನನ್ನ ಕಾಲು ತುಳಿದೋರು ಯಾರು, ದೆವ್ವಾನಾ? ನೋಡು ಹೆಬ್ಬೆರಳು, ಬದನೆಕಾಯಿ ಆಗಿದೆ."

ಹದಿನಾಲ್ಕು ಜನವೂ ಒಟ್ಟಿಗೆ ನಕ್ಕರು. ಗುಮಾಸ್ತ ಪೆಟ್ಟಿಗೆ ನಿಲ್ಲಿಸುವ ಗುಂಡಿಯತ್ತ ಕೈ ಚಾಚಿದ. ಅಧಿಕಾರಿ ಕೈ ಎತ್ತಿ, "ಇರ್ಲಿ, ಇರ್ಲಿ, ಓಡ್ಲಿ" ಎಂದರು.

"ಆ ಸಾಹೇಬರು ಎದ್ದು ಹಲ್ಲುಜ್ಜೋ ಹೊತ್ತಿಗೆ ನಾನು ಎರಡು ವಾರ್ಡು ಒರೆಸಿರ್ತೀನಿ. ಒಂಬತ್ತು ಟಿಕೆಟ್ ಅಂತೆ! ನಾವ್ಯಾರೂ ಟಿಕೆಟ್ ತಗೊಳ್ಳಲ್ಲ ಕಣೇ, ನಮ್ಮದೆಲ್ಲ ತಿಂಗಳ ಪಾಸು. ಪಾಸು ತೋರಿಸಿದ್ರೆ ಕಂಡಕ್ಟ್ರು ತಲೆ ಆಡಿಸ್ತಾನೆ, ಅವನ ಮಷೀನು ಕಿಟಕ್ ಅನ್ನಲ್ಲ. ಟಿಕೆಟ್ ಹರಿಸಿದೋರು ಜನ, ಪಾಸಿನೋರು ಗಾಳಿನಾ? ಸಾಕಾ, ಮಟ್ಟ ಬಂತಾ? ಸೊಪ್ಪು ಸೋಸ್ಬೇಕು ನಾನು."

"ಬಂತು, ಹೋಗು" ಎಂದಿತು ಸ್ಪೀಕರಿನ ಮೈಕಕ್ಕ.

ನಗು ನಿಂತಿತು. ಅಧಿಕಾರಿ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ ಗುಮಾಸ್ತನತ್ತ ವಾಲಿದರು.

"ಈ ಒಂಬತ್ತರಲ್ಲಿ ಪಾಸಿನವರು ಸೇರಿದ್ದಾರೇನ್ರಿ?"

"ಇಲ್ಲ ಸಾರ್. ಮಷೀನಿನಲ್ಲಿ ಹೊರಟ ಟಿಕೆಟ್ ಮಾತ್ರ."

"ಹಾಗಾದ್ರೆ ಬಸ್ಸಲ್ಲಿ ಎಷ್ಟು ಜನ ಇರ್ತಾರೆ ಅನ್ನೋದು ನಮಗೆ ಗೊತ್ತೇ ಇಲ್ಲ."

ಅಷ್ಟು ಹೊತ್ತಿಗೆ ಪೆಟ್ಟಿಗೆ ತನ್ನ ಪಾಡಿಗೆ ಮುಂದಿನ ಫೈಲಿಗೆ ಹೋಗಿತ್ತು. ಮೊದಲ ಸ್ಟಾಪು. ಆಸ್ಪತ್ರೆ, ಆರಕ್ಕೆ ಹಾಜರಿ. ಮೊದಲ ಸ್ಟಾಪು. ಬ್ಯಾಂಕು, ಆರೂವರೆ. ಎರಡನೇ ಸ್ಟಾಪು. ಹಿಂದೆ ಬಸ್ಸಿನ ಇಂಜಿನ್ನಿನ ಗುರುಗುರು, ಕಂಡಕ್ಟರನ ಸೀಟಿ, "ಒಳಗೆ ಹೋಗ್ರೀ, ಒಳಗೆ ಹೋಗ್ರೀ" ಎಂಬ ಕೂಗು. ಒಂದೊಂದು ಸ್ಟಾಪಿಗೂ ದನಿಗಳ ಸುತ್ತ ಗಲಾಟೆ ಹೆಚ್ಚುತ್ತ ಹೋಯಿತು. ಆ ಖಾಲಿ ಕುರ್ಚಿಗಳ ಸಭಾಂಗಣ ನಮ್ಮ ಕಿವಿಯಲ್ಲೇ ತುಂಬಿ ತುಳುಕಿತು. ಇಪ್ಪತ್ತು ನಿಮಿಷಕ್ಕೆ ಗುಮಾಸ್ತ ಗಂಟೆ ಬಾರಿಸಿದ. ಇನ್ನೂ ಮೂರು ದನಿ ಬಾಕಿ. ಅಧಿಕಾರಿ ಅವನತ್ತ ತಿರುಗಿಯೂ ನೋಡಲಿಲ್ಲ. ಅರವತ್ತೊಂದೂ ಓಡಿದವು.

ಹೊರಗೆ ಬಂದ ಮೇಲೆ ಮೈಕಕ್ಕ ಮೆಟ್ಟಿಲ ಮೇಲೆ ಕುಸಿದು ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ನಾನು ಮೀಟರಿನ ಮುಳ್ಳು ನೋಡ್ತಿದ್ದೆ ಮಾವ. ಅಮ್ಮ ಏನು ಹೇಳ್ತಿದ್ದಾಳೆ ಅಂತ ಕೇಳಿಸ್ಕೊಂಡೇ ಇರ್ಲಿಲ್ಲ!"

"ನಿನ್ನ ಹೆಂಡ್ತಿ ಸುಮ್ನಿರ್ತಾಳಾ ಅಂತ ಊರನ್ನೆಲ್ಲ ಕೇಳ್ತಿದ್ದೆಯಲ್ಲ?"

"ಇವತ್ತೊಂದಿನ ಸುಮ್ನಿರಿ" ಎಂದಳು.

ಮಧ್ಯಾಹ್ನ ಎರಡೂವರೆಗೆ ಕೆಲಸ ಮುಗಿಸಿ ಬಂದ ಅಮ್ಮನಿಗೆ ವಿಷಯ ಹೇಳಿದೆವು. ಸಾಹೇಬರ ಹಲ್ಲಿನ ವಿಚಾರವೂ ಸಾಹೇಬರಿಗೇ ಕೇಳಿಸಿತೆಂದು ತಿಳಿದು ಒಂದು ಕ್ಷಣ ಬಾಯಿ ಮುಚ್ಚಿಕೊಂಡಳು. ಒಂದೇ ಕ್ಷಣ. "ಹೆಬ್ಬೆರಳಿನ ವಿಷಯಕ್ಕೆ ಏನಂದ್ರು?" ಎಂದಳು.

ಬಸ್ಸು ಇನ್ನೂ ಉಳಿದಿಲ್ಲ. ನಿಲ್ಲಿಸುವ ತೀರ್ಮಾನ ಮೂರು ತಿಂಗಳು ಮುಂದಕ್ಕೆ ಹೋಗಿದೆ, ಅಷ್ಟೇ. ಅಷ್ಟರಲ್ಲಿ ಕಚೇರಿಯವರೇ ಒಂದು ವಾರ ಬಸ್ಸಿನಲ್ಲಿ ನಿಂತು ಪಾಸಿನವರನ್ನೂ ಸೇರಿಸಿ ತಲೆ ಎಣಿಸಬೇಕು. ಅದಕ್ಕೆ ನಾವು ಹೆದರುವುದಿಲ್ಲ. ಆದರೆ ಆದೇಶದ ಕೊನೆಗೆ ಇನ್ನೊಂದು ಸಾಲಿದೆ: ಇಷ್ಟು ಬೇಗ ಕೆಲಸಗಾರರು ಬರಲೇಬೇಕೆಂದು ಅವರು ಕೆಲಸ ಮಾಡುವ ಸಂಸ್ಥೆಗಳು ಬರೆದುಕೊಡಬೇಕು. ಆಸ್ಪತ್ರೆಗೆ ಹೋದೆವು, ಗುತ್ತಿಗೆದಾರನನ್ನು ಕೇಳಿ ಎಂದರು. ಗುತ್ತಿಗೆದಾರ ಆಸ್ಪತ್ರೆಯನ್ನು ಕೇಳಿ ಎಂದ. ಬ್ಯಾಂಕಿನಲ್ಲಿ ಮೇಲಿನವರನ್ನು ಕೇಳಬೇಕಂತೆ. ಹನ್ನೆರಡು ಕಟ್ಟಡ ಸುತ್ತಿದ್ದೇವೆ, ಒಂದೂ ಸಹಿ ಸಿಕ್ಕಿಲ್ಲ. ಆರಕ್ಕೆ ಬರದಿದ್ದರೆ ಹೆಸರು ಹೊಡೆಯಲು ಎಲ್ಲರಿಗೂ ಪೆನ್ನಿದೆ; ಆರಕ್ಕೆ ಬರಬೇಕು ಎಂದು ಬರೆಯಲು ಯಾರ ಹತ್ತಿರವೂ ಇಲ್ಲ.

ಒಂಬತ್ತೂವರೆಗೆ ಹೋಗಿ ಒರೆಸಿಟ್ಟ ಮೇಜಿನ ಮುಂದೆ ಕೂರುವವರೇ, ಇದು ನಿಮಗೆ. ಕಸದ ಬುಟ್ಟಿ ತಾನಾಗಿ ಖಾಲಿಯಾಗುವುದಿಲ್ಲ ಎಂಬುದು ನಿಮಗೆ ಗೊತ್ತು. ನಿಮ್ಮ ಕಟ್ಟಡದ ಹೆಸರಿರುವ ಕಾಗದ ತೆಗೆದುಕೊಳ್ಳಿ. ನಮ್ಮ ಕೆಲಸ ಶುರುವಾಗಬೇಕಾದರೆ ಬೆಳಗ್ಗೆ ಇಷ್ಟು ಗಂಟೆಗೆ ಇಷ್ಟು ಜನ ಬರಬೇಕು ಎಂದು ಒಂದು ಸಾಲು ಬರೆಯಿರಿ. ಕೆಳಗೆ ಸಹಿ, ಮುದ್ರೆ. ಹಿಟ್ಟಿನ ಗಿರಣಿ ಪಕ್ಕದ ಮೈಕ್ ಅಂಗಡಿಗೆ ಶನಿವಾರದೊಳಗೆ ತಂದುಕೊಡಿ. ಕೊಡುವುದಿಲ್ಲವಾದರೆ ಯಾಕೆ ಕೊಡುವುದಿಲ್ಲ ಎಂದು ಅಲ್ಲಿಗೇ ಬಂದು ಹೇಳಿ. ಅದನ್ನೂ ರೆಕಾರ್ಡ್ ಮಾಡಿಕೊಳ್ಳುತ್ತೇವೆ.